ಮಳೆನೆರಳಿನ ಸೀಮೆ: ಚಳ್ಳಕೆರೆಯಿಂದ ಕತ್ರಿಗುಪ್ಪೆಯವರೆಗೆ

ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಈಶಾನ್ಯಕ್ಕೆ ನೇರ ಗೆರೆ ಎಳೆದರೆ 200 ಕಿಲೋಮೀಟರಿನೊಳಗೇ ಚಳ್ಳಕೆರೆ ಸಿಗುತ್ತದೆ. ಅಲ್ಲಿ ವರ್ಷವಿಡೀ ಬಿದ್ದದ್ದನ್ನೆಲ್ಲ ಕೂಡಿಸಿದರೂ 500 ಮಿ.ಮೀ. ದಾಟುವುದು ಕಷ್ಟ. ಅದೇ ತಾಲ್ಲೂಕಿನ ನಾಯಕನಹಟ್ಟಿ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಊರೆಂದು ನಾವೆಲ್ಲ ಶಾಲೆಯ ಭೂಗೋಳದಲ್ಲಿ ಓದಿದವರೇ. ರಾಜ್ಯ ಒಂದೇ, ಮುಂಗಾರೂ ಒಂದೇ. ಆದರೂ ಒಂದು ಕಡೆಯವರು ಮಳೆ ಹೊಳವಾದರೆ ಸಾಕು ಅನ್ನುತ್ತಾರೆ, ಇನ್ನೊಂದು ಕಡೆಯವರು ಒಂದು ಹದ ಮಳೆ ಬಂದರೆ ಸಾಕು ಅನ್ನುತ್ತಾರೆ.

ಕಾರಣ ಸಹ್ಯಾದ್ರಿ. ಅರಬ್ಬಿ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ ಗಾಳಿ ಘಟ್ಟ ಏರುವಾಗ ತಣ್ಣಗಾಗಿ, ಹೊತ್ತದ್ದರಲ್ಲಿ ಬಹುಪಾಲನ್ನು ಪಶ್ಚಿಮದ ಇಳಿಜಾರಿನಲ್ಲೇ ಸುರಿದುಬಿಡುತ್ತದೆ. ಪೂರ್ವಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗಿ, ಒಣಗಿ, ರಭಸವನ್ನಷ್ಟೇ ಉಳಿಸಿಕೊಂಡು ಬಯಲಿಗೆ ಬರುತ್ತದೆ. ಆಷಾಢದಲ್ಲಿ ತೀರ್ಥಹಳ್ಳಿಯವರು ಸೂರ್ಯನ ಮುಖ ಕಾಣದ ದಿನಗಳಲ್ಲೇ ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡಗಳಲ್ಲಿ ಮೋಡ ತಲೆಯ ಮೇಲೆ ಓಡುತ್ತಲೇ ಇರುತ್ತದೆ, ಧೂಳು ಏಳುತ್ತಲೇ ಇರುತ್ತದೆ, ಹನಿ ಮಾತ್ರ ಉದುರುವುದಿಲ್ಲ. ಈ ಸೀಮೆಗೆ ಮಳೆ ಬರಬೇಕಾದರೆ ಮುಂಗಾರಿನ ಜೋರು ಇಳಿಯಬೇಕು. ಸೆಪ್ಟೆಂಬರ್ ಹೊತ್ತಿಗೆ ಗಾಳಿ ತಗ್ಗಿ, ನೆಲ ಕಾದು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಸಂಜೆಗೆ ಗುಡುಗು ಸಿಡಿಲಿನೊಂದಿಗೆ ಸುರಿಯುವ ಮಳೆಯೇ ಇಲ್ಲಿಯ ದೊಡ್ಡ ಮಳೆ. ಅಕ್ಟೋಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಇನ್ನಷ್ಟು ತಂದುಕೊಟ್ಟರೆ ಕೊಟ್ಟಿತು. ಬೆಂಗಳೂರು ಕೂಡ ಇದೇ ಲೆಕ್ಕಕ್ಕೆ ಸೇರಿದ ಊರು. ನಮ್ಮ ಕತ್ರಿಗುಪ್ಪೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲೇ. ಬೆಂಗಳೂರಿನ ವಾರ್ಷಿಕ ಸರಾಸರಿ 970 ಮಿ.ಮೀ.ನ ಆಸುಪಾಸು ಇದೆ, ಚಳ್ಳಕೆರೆಯ ಎರಡು ಪಟ್ಟು.

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯಾದರೆ ಮರುಭೂಮಿ ಎಂಬುದು ಸಾಮಾನ್ಯ ಅಳತೆ. ಆ ಅಳತೆಯಲ್ಲಿ ಕರ್ನಾಟಕದಲ್ಲಿ ಮರುಭೂಮಿ ಇಲ್ಲ. ಆದರೆ ಬರಕ್ಕೆ ತುತ್ತಾಗುವ ಭೂಮಿಯ ವಿಸ್ತಾರದಲ್ಲಿ ರಾಜಸ್ಥಾನ ಬಿಟ್ಟರೆ ನಮ್ಮ ರಾಜ್ಯವೇ ಮುಂದು. ಬಿಸಿಲಿಗೂ ಗಾಳಿಗೂ ಚಿತ್ರದುರ್ಗದ ಬಯಲಿನಿಂದ ಆವಿಯಾಗಿ ಹೋಗಬಲ್ಲ ನೀರು ಅಲ್ಲಿ ಬೀಳುವ ಮಳೆಯ ಮೂರು ಪಟ್ಟಿಗೂ ಹೆಚ್ಚು. ಇಷ್ಟಾದರೂ ಈ ಸೀಮೆಯ ಬದುಕನ್ನು ರೂಪಿಸಿದ್ದು ಮಳೆಯ ಕೊರತೆಗಿಂತ ಹೆಚ್ಚಾಗಿ ಅದರ ಅನಿಶ್ಚಿತತೆ ಎಂಬುದು ನನ್ನ ಅಭಿಪ್ರಾಯ. 450 ಮಿ.ಮೀ. ಮಳೆ ಹಂಚಿಕೊಂಡು ಬಂದರೆ ರಾಗಿ ಬೆಳೆಯುತ್ತದೆ, ದನ ಬದುಕುತ್ತದೆ, ಕೆರೆಗೆ ಒಂದಿಷ್ಟು ನೀರು ಬರುತ್ತದೆ. ಅದೇ 450 ಮಿ.ಮೀ. ನಾಲ್ಕು ಸಂಜೆಗಳಲ್ಲಿ ಸುರಿದು ಹೋದರೆ ಅಥವಾ ಕಾಳು ಕಟ್ಟುವ ಹೊತ್ತಿಗೆ ಮೂರು ವಾರ ಕೈಕೊಟ್ಟರೆ, ಸರಾಸರಿಯ ಪಟ್ಟಿಯಲ್ಲಿ ಅದು ಒಳ್ಳೆಯ ವರ್ಷ, ಹೊಲದಲ್ಲಿ ಬರ. ಯಾವ ವರ್ಷ ಹೇಗೆಂದು ಮೊದಲೇ ಗೊತ್ತಾಗದ ಕಡೆ ಬದುಕಬೇಕಾದವರು ಇಡುಗಂಟು ಮಾಡಿಕೊಳ್ಳುವುದನ್ನು ಕಲಿತರು. ಬಯಲುಸೀಮೆಯ ಬೇಸಾಯ, ದನಕರು, ಮನೆ, ಕೆರೆ, ಊಟ ಎಲ್ಲದರಲ್ಲೂ ಇದರ ಗುರುತಿದೆ.

ಬಿತ್ತನೆಯಿಂದಲೇ ಶುರು ಮಾಡೋಣ. ರೈತರ ಮಳೆಯ ಪಂಚಾಂಗದಲ್ಲಿ ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಕ್ಕೆ ಒಂದು ಮಳೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಏಪ್ರಿಲ್‌ನಲ್ಲಿ ಶುರುವಾಗುವ ಈ ಸಾಲು ಸ್ವಾತಿ, ವಿಶಾಖದ ಹೊತ್ತಿಗೆ ನವೆಂಬರ್ ಮುಟ್ಟುತ್ತದೆ. ಇದನ್ನು ಬರೀ ನಂಬಿಕೆ ಎಂದುಕೊಂಡವರು ಅದರೊಳಗಿನ ಬೇಸಾಯದ ಲೆಕ್ಕವನ್ನು ನೋಡಿಲ್ಲ. ರೋಹಿಣಿಯಲ್ಲಿ ಹದವಾದರೆ ಎಳ್ಳು, ಹೆಸರು, ಅಲಸಂದೆ. ಅದು ತಪ್ಪಿ ಮೃಗಶಿರಾ, ಆರಿದ್ರೆಗೆ ಬಂದರೆ ಜೋಳ, ತೊಗರಿ, ಶೇಂಗಾ. ಅದೂ ತಪ್ಪಿದರೆ ಪುನರ್ವಸು, ಪುಷ್ಯದಲ್ಲಿ ರಾಗಿ. ಆಶ್ಲೇಷವೂ ಒಣಗಿ ಹೋದರೆ ಮಘೆ, ಹುಬ್ಬೆಯಲ್ಲಿ ಸಾಮೆ ಅಥವಾ ಹುರುಳಿ. ಮಳೆ ಹಿಂದೆ ಸರಿದಷ್ಟೂ ಬೇಗ ಕೊಯ್ಲಿಗೆ ಬರುವ ಅಥವಾ ಇದ್ದ ಒಣ ನೆಲದಲ್ಲೇ ಬರುವ ಬೆಳೆಗೆ ಇಳಿಯುವ ಏರ್ಪಾಡು ಇದು. ಈ ಸಾಲಿನ ಕೊನೆಯಲ್ಲಿ ನಿಲ್ಲುವುದು ಹುರುಳಿ. ಏನೂ ಆಗದ ವರ್ಷದಲ್ಲೂ ಹುರುಳಿ ಒಂದಿಷ್ಟು ಕಾಳು, ದನಕ್ಕೆ ಒಂದಿಷ್ಟು ಹೊಟ್ಟು ಕೊಟ್ಟೇ ಹೋಗುತ್ತದೆ. ಬಯಲುಸೀಮೆಯ ಮನೆಗಳಲ್ಲಿ ಮುದ್ದೆಯ ಜೊತೆಗೆ ಹುರುಳಿ ಕಟ್ಟಿನ ಸಾರು ಇಷ್ಟೊಂದು ಬಳಕೆಗೆ ಬಂದದ್ದು ಸುಮ್ಮನೆ ಅಲ್ಲ.

ಅಕ್ಕಡಿ ಸಾಲನ್ನು ಹತ್ತಿರದಿಂದ ನೋಡಿದರೆ ಈ ಜಾಣ್ಮೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋಗುವಾಗ ಆರೆಂಟು ಸಾಲಿಗೊಮ್ಮೆ ಒಂದು ಸಾಲು ಬಿಟ್ಟು, ಅಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಹರಳು ಹಾಕುತ್ತಾರೆ. ಜೋಳ, ಹರಳು ಎತ್ತರಕ್ಕೆ ಹೋಗಿ ಗಾಳಿ ತಡೆಯುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ರಾಗಿಯ ಬೇರು ಮೇಲಿನ ತೇವ ಹಿಡಿದರೆ ತೊಗರಿಯ ಬೇರು ಕೆಳಕ್ಕೆ ಇಳಿಯುತ್ತದೆ. ರಾಗಿ ಕೊಯ್ಲಾಗಿ ಹೊಲ ಖಾಲಿಯಾದ ಮೇಲೆ ಅವರೆ, ತೊಗರಿಗಳು ಉಳಿದ ತೇವದಲ್ಲೂ ಚಳಿಗಾಲದ ಇಬ್ಬನಿಯಲ್ಲೂ ಹೂಬಿಟ್ಟು ಕಾಯಿ ಕಟ್ಟುತ್ತವೆ. ಸೆಪ್ಟೆಂಬರ್‌ನಲ್ಲಿ ಮಳೆ ಹೋದರೆ ರಾಗಿಗೆ ಪೆಟ್ಟು, ಅಕ್ಟೋಬರ್‌ನಲ್ಲಿ ಬಂದರೆ ಅವರೆಗೆ ಲಾಭ. ಒಂದೇ ಹೊಲದಲ್ಲಿ ನಾಲ್ಕು ಬಗೆಯ ಮಳೆಗೆ ನಾಲ್ಕು ಉತ್ತರ. ಚಳಿಗಾಲದ ಅವರೆಬೇಳೆ ಮೇಳದಲ್ಲಿ ನೂಕುನುಗ್ಗಲಾಗಿ ಸೇರುವ ಬೆಂಗಳೂರಿಗರು ಚಪ್ಪರಿಸುವ ಸೊಗಡು ಮಾಗಡಿ, ಕನಕಪುರದ ಕಡೆಯ ಇಂಥ ಹೊಲಗಳದ್ದು.

ಬೆಳೆದದ್ದನ್ನು ಉಳಿಸುವುದೂ ಇದೇ ಲೆಕ್ಕದ ಭಾಗ. ರಾಗಿಗೆ ಹುಳ ಹಿಡಿಯುವುದು ಅಪರೂಪ. ಗಟ್ಟಿ ನೆಲದಲ್ಲಿ ಹಗೇವು ತೋಡಿ, ಹುಲ್ಲು ಹಾಸಿ, ಬಾಯಿ ಮುಚ್ಚಿ ಇಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳ್ಳೆಯ ವರ್ಷದ ರಾಗಿ ಕೆಟ್ಟ ವರ್ಷದ ಊಟವಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಮಳೆ ನೆಚ್ಚಿದ ಬೇಸಾಯಗಾರರಿಗೆ ಅಷ್ಟು ದೊಡ್ಡ ಉಪಕಾರ ಮಾಡಿದ ವಿಜ್ಞಾನಿಗಳು ನಮ್ಮಲ್ಲಿ ಕಡಿಮೆ. ಅವರ ಹೆಸರು ಬೆಂಗಳೂರಿನ ಮಕ್ಕಳಿಗೂ ಗೊತ್ತಿರಬೇಕು.

ಇನ್ನೊಂದು ಇಡುಗಂಟು ನಡೆದಾಡುವಂಥದ್ದು. ಹೊಲ ಮಳೆಯ ಹಿಂದೆ ಹೋಗಲಾರದು, ಕುರಿ ಹೋಗಬಲ್ಲದು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಕಾಡುಗೊಲ್ಲರು, ಕುರುಬರು, ಮ್ಯಾಸನಾಯಕರು ಈ ಕಾರಣಕ್ಕೇ ಪಶುಪಾಲಕರು. ಬೇಸಿಗೆಗೆ ಮಂದೆ ಹೊಡೆದುಕೊಂಡು ಭತ್ತ ಕೊಯ್ದ ನೀರಾವರಿ ಬಯಲುಗಳಿಗೆ ಹೋಗುತ್ತಾರೆ. ಅಲ್ಲಿಯ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಕಾಳೋ ದುಡ್ಡೋ ಕೊಡುತ್ತಾರೆ. ಆ ಕುರಿಗಳ ಉಣ್ಣೆಯನ್ನು ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿದ ಕಂಬಳಿಯಿಂದ ಚಳ್ಳಕೆರೆಗೆ ಹೆಸರು. ಮ್ಯಾಸನಾಯಕರಲ್ಲಿ ದೇವರ ಎತ್ತುಗಳ ಹಿಂಡುಗಳಿವೆ. ಅವುಗಳನ್ನು ಉಳುಮೆಗೆ ಕಟ್ಟುವುದಿಲ್ಲ. ನೋಡಿಕೊಳ್ಳಲು ಕಿಲಾರಿಗಳಿದ್ದಾರೆ. ಬರ ಬಂದರೆ ತಮ್ಮ ಊಟಕ್ಕಿಂತ ಮೊದಲು ಈ ಹಿಂಡಿನ ಮೇವಿಗಾಗಿ ಓಡಾಡುವ ಕಿಲಾರಿಗಳ ಕಷ್ಟವನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ.

ಈ ಪಶುಸಂಪತ್ತಿಗೆ ಆಧಾರ ಕಾವಲು. ಮೈಸೂರು ಸಂಸ್ಥಾನದಲ್ಲಿ ಅಮೃತ್‌ಮಹಲ್ ಕಾವಲುಗಳೆಂದು 4 ಲಕ್ಷ ಎಕರೆಯಷ್ಟು ಹುಲ್ಲುಗಾವಲು ಇತ್ತು. ಹೊಸಬರ ಕಣ್ಣಿಗೆ ಅದು ಏನೂ ಬೆಳೆಯದ ಪಾಳುಭೂಮಿ. ಈ ತಪ್ಪು ನೋಟವೇ ಕಾವಲುಗಳನ್ನು ನುಂಗಿತು. ಚಳ್ಳಕೆರೆ ಬಳಿಯ ಕುದಾಪುರದ ಸುತ್ತಲಿನ ಸಾವಿರಾರು ಎಕರೆ ಕಾವಲನ್ನು 2010ರ ಸುಮಾರಿಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಕೊಟ್ಟಾಗ ಸುತ್ತಲಿನ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ದೇಶಕ್ಕೆ ಆ ಸಂಸ್ಥೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರಗಾಲದಲ್ಲಿ ಇಡೀ ಸೀಮೆಯ ದನ ಮೇಯುತ್ತಿದ್ದ ಜಾಗವನ್ನು ಯಾರದ್ದೂ ಅಲ್ಲದ ಜಾಗ ಎಂದು ಬರೆದುಕೊಂಡದ್ದು ಅನ್ಯಾಯ.

ಮನೆಯ ಮಾಡಿನಲ್ಲೂ ಮಳೆಯ ಅಳತೆ ಕಾಣುತ್ತದೆ. ಮಲೆನಾಡಿನಲ್ಲಿ ಕಡಿದಾದ ಹೆಂಚಿನ ಮಾಡು. ಇಲ್ಲಿ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಗಳ, ಅದರ ಮೇಲೆ ಸೊಪ್ಪು, ಅದರ ಮೇಲೆ ದಪ್ಪನಾಗಿ ಚೌಳು ಮಣ್ಣು. ಸೆಕೆಗೆ ಒಳಗೆ ತಂಪು, ಮಾಳಿಗೆಯ ಮೇಲೆ ಕಾಳು, ಮೆಣಸಿನಕಾಯಿ ಒಣಗಿಸಲು ಜಾಗ, ಬೇಸಿಗೆ ರಾತ್ರಿ ಮಲಗಲು ಜಾಗ. ಮಳೆಗೆ ಮೊದಲು ಹೊಸ ಮಣ್ಣು ಹಾಕಿದರೆ ಆ ವರ್ಷ ಕಳೆಯಿತು. ಎರಡು ದಿನ ಎಡೆಬಿಡದೆ ಹಿಡಿದ ಮಳೆಗೆ ಈ ಮನೆ ತಯಾರಿಲ್ಲ. ಅಂಥ ಮಳೆ ಬಂದ ವರ್ಷ ಬಯಲುಸೀಮೆಯಲ್ಲಿ ಗೋಡೆ ಕುಸಿದು ಜನ ಸಾಯುತ್ತಾರೆ. ಸರ್ಕಾರದ ಪರಿಹಾರದ ಯೋಚನೆಯೆಲ್ಲ ಬರದ ಸುತ್ತಲೇ ಸುತ್ತುವುದರಿಂದ ಈ ಸಾವುಗಳು ಎಂದೂ ದೊಡ್ಡ ಸುದ್ದಿಯಾಗುವುದಿಲ್ಲ.

ಕೆರೆಯ ವಿಚಾರಕ್ಕೆ ಬಂದರೆ ನಿಲ್ಲಲೇಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿರುವ ಕದಂಬ ಮಯೂರಶರ್ಮನ ನಾಲ್ಕನೆಯ ಶತಮಾನದ ಶಾಸನ ಹೇಳುವುದು ಒಂದು ಕೆರೆಯ ವಿಚಾರವನ್ನೇ. ಅಂದರೆ ಈ ನೆಲದಲ್ಲಿ ಕೆರೆಗೆ ಕನಿಷ್ಠ 1,600 ವರ್ಷದ ಚರಿತ್ರೆ. ಅದೇ ಊರಿನ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡಿಯೇ ಇರುತ್ತೀರಿ. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಒಂದರಿಂದ ಒಂದಕ್ಕೆ ಇಳಿಸಿಕೊಂಡು ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ತರುವ ಏರ್ಪಾಡು ಅದು. ಬೇಡ ನಾಯಕರ ಕೋಟೆ ಮುತ್ತಿಗೆಗಳನ್ನು ತಡೆದು ನಿಂತದ್ದರಲ್ಲಿ ಈ ನೀರಿನ ಪಾಲೂ ಇದೆ. ಬಯಲಿನ ಕೆರೆಗಳದ್ದೂ ಇದೇ ಕ್ರಮ: ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಪ್ರತಿ ವರ್ಷ ತುಂಬಲಿ ಎಂದು ಯಾರೂ ಅವನ್ನು ಕಟ್ಟಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಸುರಿಯುವ ಒಂದು ರಭಸದ ಮಳೆಯನ್ನು ಹಿಡಿದಿಟ್ಟರೂ ಸಾಕು ಎಂಬುದು ಕಟ್ಟಿದವರ ಲೆಕ್ಕ.

ಕೆರೆಯನ್ನು ನಡೆಸುತ್ತಿದ್ದವನು ನೀರಗಂಟಿ. ಏರಿಯ ಮೇಲೆ ನಡೆದು ಬಿರುಕು ನೋಡುವುದು, ತೂಬಿನ ಬಾಯಿ ಬಿಚ್ಚುವುದು, ಕಾಲುವೆಯ ತುದಿಯ ಗದ್ದೆಗೂ ನೀರು ಮುಟ್ಟಿಸುವುದು, ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಬೆಳೆ ಇಡಬಹುದೆಂದು ಊರಿಗೆ ಹೇಳುವುದು ಅವನ ಕೆಲಸ. ರಾತ್ರಿ ಮಳೆ ಜೋರಾದರೆ ಊರೆಲ್ಲ ಮಲಗಿದ್ದಾಗ ಲಾಟೀನು ಹಿಡಿದು ಕೋಡಿಗೆ ಓಡುತ್ತಿದ್ದವನೂ ಅವನೇ. ಹೆಚ್ಚಿನ ಊರುಗಳಲ್ಲಿ ಈ ಕೆಲಸ ಮಾಡಿದವರು ದಲಿತರು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದವರಿಗೆ ಆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇದ್ದದ್ದು ಕಡಿಮೆ, ಊರಬಾವಿ ಮುಟ್ಟುವ ಹಕ್ಕೂ ಇರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಬಾರದು. ಬರ ಎಲ್ಲರಿಗೂ ಬಂದರೂ ಎಲ್ಲರ ಮೇಲೂ ಒಂದೇ ಭಾರ ಹಾಕಿದ್ದಿಲ್ಲ.

ಇಷ್ಟೆಲ್ಲ ಇಡುಗಂಟು ಇದ್ದೂ ತಡೆಯಲಾಗದ ಬರಗಳು ಬಂದವು. ಉತ್ತರದಲ್ಲಿ ವಿಜಯಪುರದ ಎರೆಭೂಮಿ ಹಿಂಗಾರಿನ ತೇವವನ್ನು ಹಿಡಿದಿಟ್ಟುಕೊಂಡು ಬಿಳಿಜೋಳ ಬೆಳೆಯುವ ನೆಲ. ಅಲ್ಲೂ 1791ರ ಸುಮಾರಿನಲ್ಲಿ ಬಂದ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಿದ್ದಿದ್ದವೆಂದು ಅದಕ್ಕೆ ಡೋಗಿ ಬರ ಎಂಬ ಹೆಸರೇ ಉಳಿಯಿತು. ದಕ್ಷಿಣದಲ್ಲಿ 1876ರಿಂದ 78ರವರೆಗಿನ ಧಾತು ಸಂವತ್ಸರದ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮುಂಗಾರು ಮೇಲಿಂದ ಮೇಲೆ ಕೈಕೊಟ್ಟದ್ದು ನಿಜ. ಆದರೆ ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಲಿಲ್ಲ, ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ, ಆಳುವವರ ಪರಿಹಾರ ತಡವಾಯಿತು. ಇಂದು ನಾವು ಓಡಾಡುವ ಬೆಂಗಳೂರು-ಮೈಸೂರು ರೈಲು ಮಾರ್ಗದ ಕೆಲಸ ಶುರುವಾದದ್ದು ಆ ಬರದ ಪರಿಹಾರ ಕಾಮಗಾರಿಯಾಗಿ.

ಆ ಪೆಟ್ಟಿನ ನೆನಪು ಆರದ ಕಾಲದಲ್ಲೇ ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಿದರು. ಕೆಲಸ ಮುಗಿದದ್ದು 1907ರಲ್ಲಿ. 130 ಅಡಿ ನೀರು ನಿಲ್ಲುವ, 30 ಟಿಎಂಸಿ ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. ಅಜ್ಜ ನೋಡಿದ್ದನ್ನು ಮೊಮ್ಮಗ ಮುದುಕನಾದ ಮೇಲೆ ನೋಡಿದ. ಅವತ್ತು ಆ ಕೋಡಿ ನೋಡಲು ಜಿಲ್ಲೆಯ ಜನ ಜಾತ್ರೆಯಂತೆ ಬಂದರು. ಆ ವರ್ಷ ಮಳೆಯೂ ವಿಪರೀತ ಇತ್ತು, ಭದ್ರಾ ಮೇಲ್ದಂಡೆ ಯೋಜನೆಯಿಂದ ಎತ್ತಿ ಹರಿಸಿದ ನೀರೂ ಸೇರಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಬೇರೆ ಕಣಿವೆಯ ನೀರು ತಂದರೆ ಬಯಲುಸೀಮೆಯ ಕಷ್ಟ ತೀರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಯೋಜನೆ ಈ ಭದ್ರಾ ಮೇಲ್ದಂಡೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವ ಗುರಿ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂ. ಘೋಷಣೆಯಾಯಿತು. ಆ ಹಣಕ್ಕಾಗಿ ರಾಜ್ಯ ಕೇಳುತ್ತಲೇ ಇದೆ. ನೀರು ಬಂದರೆ ಸಂತೋಷವೇ. ಆದರೆ ಬಂದ ನೀರಿಗೆ ಅಡಿಕೆ, ಕಬ್ಬು ಹಾಕಿಕೊಂಡರೆ ಅದು ಎಷ್ಟು ದಿನದ ಮಾತು?

ಈ ಪ್ರಶ್ನೆ ಏಳುವುದು ಕೊಳವೆಬಾವಿಯ ಕಥೆ ಕಣ್ಣ ಮುಂದೆ ಇರುವುದರಿಂದ. ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು ನೀರು, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ತಲೆಮಾರುಗಳಿಂದ ಇಳಿದು ನಿಂತ ಇನ್ನೊಂದಿಷ್ಟು. ಎಲ್ಲ ಬತ್ತಿದ ವರ್ಷಕ್ಕೆಂದು ನೆಲವೇ ಇಟ್ಟುಕೊಂಡ ಇಡುಗಂಟು ಅದು. 1980ರ ನಂತರ ರಿಗ್ ಲಾರಿಗಳು ಊರೂರಿಗೂ ಬಂದು, ಪಂಪ್‌ಸೆಟ್‌ಗೆ ವಿದ್ಯುತ್ ಪುಕ್ಕಟೆಯಾಗಿ, ಆ ಇಡುಗಂಟನ್ನು ನಾವು ದಿನದ ಖರ್ಚಿಗೆ ಎತ್ತಿದೆವು. ಮೊದಲು ತೆರೆದ ಬಾವಿಗಳು ಬತ್ತಿದವು. ಆಮೇಲೆ 300 ಅಡಿ ಸಾಲದಾಯಿತು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ 1,000 ಅಡಿ ದಾಟಿ ಕೊರೆಯುವುದು ಮಾಮೂಲಾಯಿತು. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಪಾವಗಡದ ಹಳ್ಳಿಗಳಲ್ಲಿ ಹಲ್ಲು ಕಂದಿದ ಮಕ್ಕಳು, ಮೂಳೆ ಬಾಗಿ ಎದ್ದು ನಡೆಯಲಾಗದ ಹಿರಿಯರು ಆ ನೀರಿನ ಫಲ. ಬೋರು ಸಿಕ್ಕವನು ದಾಳಿಂಬೆ ಹಾಕಿದ, ಸಿಗದವನು ಸಾಲ ತೀರಿಸಲು ಬೆಂಗಳೂರಿನ ಬಸ್ಸು ಹತ್ತಿದ. ಕೆರೆಯ ನೀರು ಕಣ್ಣಿಗೆ ಕಾಣುತ್ತಿದ್ದುದರಿಂದ ಊರು ಕೂತು ಹಂಚಿಕೊಳ್ಳುತ್ತಿತ್ತು. ಬೋರಿನ ನೀರು ಕಾಣದು, ಹಾಗಾಗಿ ಅದು ಮೊದಲು ಕೊರೆದವನದ್ದು. ಅಂತರ್ಜಲ ನಿಯಂತ್ರಣಕ್ಕೆ 2011ರಲ್ಲಿ ಕಾಯ್ದೆ ಬಂತು. ರಿಗ್ ಲಾರಿಗಳ ಸದ್ದು ನಿಂತಿಲ್ಲ.

ಹೊಲದ ಮೇಲೂ ಇದೇ ಬದಲಾವಣೆ ಆಯಿತು. ಎಣ್ಣೆ ಗಿರಣಿಗಳಿಂದ ಚಳ್ಳಕೆರೆ ದೊಡ್ಡ ಪೇಟೆಯಾದ ಕಾಲದಲ್ಲಿ ರಾಗಿ, ನವಣೆ, ಸಾಮೆಯ ಹೊಲಗಳೆಲ್ಲ ಶೇಂಗಾ ಹೊಲಗಳಾದವು. ಕಾಸು ಬಂತು, ಮಕ್ಕಳು ಓದಿದರು, ಅದನ್ನು ಅಲ್ಲಗಳೆಯಬಾರದು. ಆದರೆ ಒಂದೇ ಬೆಳೆ ನೆಚ್ಚಿದ ಹೊಲಕ್ಕೆ ಒಂದೇ ಬಗೆಯ ಮಳೆ ಬೇಕು. ಶೇಂಗಾದ ಹೂಡು ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಹೋದರೆ ವರ್ಷವೇ ಹೋಯಿತು. ಜೊತೆಗೆ ಆಮದು ತಾಳೆಎಣ್ಣೆ ಬಂದು ಬೆಲೆಯೂ ಕೈಕೊಟ್ಟಿತು.

ನಿಜವಾದ ಮರಳು ದಿಬ್ಬಗಳನ್ನು ನೋಡಬೇಕೆಂದರೆ ನಮಗೆ ಜೈಸಲ್ಮೇರಿನವರೆಗೆ ಹೋಗಬೇಕಾಗಿಲ್ಲ. ವೇದಾವತಿ ಬಳ್ಳಾರಿಯ ಕಡೆಗೆ ಹರಿಯುತ್ತಾ ಹಗರಿ ಎನಿಸಿಕೊಳ್ಳುತ್ತದೆ. ಗಡಿಯಾಚೆ ಅನಂತಪುರ ಜಿಲ್ಲೆಯ ಕಣೇಕಲ್ ಬಳಿ, ಕನ್ನಡವೂ ಕೇಳಿಬರುವ ಸೀಮೆಯಲ್ಲೇ, ದರ್ಗಾ ಹೊನ್ನೂರು ಎಂಬ ಊರಿದೆ. ಬತ್ತಿದ ಹಗರಿಯ ಮರಳನ್ನು ಆಷಾಢದ ಗಾಳಿ ಎತ್ತಿ ತಂದು ಅಲ್ಲಿಯ ಹೊಲಗಳ ಮೇಲೆ ಸುರಿದು ದಿಬ್ಬ ಕಟ್ಟಿದೆ. ರೈತರು ಪ್ರತಿವರ್ಷ ಮರಳು ತಳ್ಳಿ, ಮಟ್ಟ ಮಾಡಿ, ಮತ್ತೆ ಬಿತ್ತುತ್ತಾರೆ. ಘಟ್ಟದಲ್ಲಿ ಮಳೆ ಸುರಿದು ಖಾಲಿಯಾಗಿ ಬಂದ ಗಾಳಿ, ಹರಿವು ನಿಂತ ಹೊಳೆ, ಗಿಡಮರ ಇಲ್ಲದ ದಂಡೆ, ಈ ಮೂರು ಸೇರಿದರೆ ಮರುಭೂಮಿ ಹೇಗೆ ಹುಟ್ಟುತ್ತದೆ ಎಂದು ಆ ಊರನ್ನು ನೋಡಿ ತಿಳಿಯಬಹುದು.

ಅದೇ ಗಾಳಿ, ಅದೇ ಬಿಸಿಲು ಈಗ ವಿದ್ಯುತ್ ಆಗಿವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂ.ನಿಂದ ಶುರುವಾಗುವ ಗುತ್ತಿಗೆ ಕೊಟ್ಟದ್ದು ಒಳ್ಳೆಯ ಕ್ರಮ. ಸಾಲು ಸಾಲು ಬರ ಕಂಡ ಜಮೀನುದಾರರಿಗೆ ಮೊದಲ ಬಾರಿಗೆ ಮಳೆಯ ಹಂಗಿಲ್ಲದ ಆದಾಯ ಬಂತು. ಜಮೀನಿಲ್ಲದ ಕೂಲಿಯವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ನೀರಗಂಟಿಗೆ ಆದದ್ದೇ ಇವರಿಗೂ ಆಗಿದೆ.

ಈ ಎಲ್ಲದರ ಕೊನೆಯ ನಿಲ್ದಾಣ ನಮ್ಮ ಬಡಾವಣೆಗಳು. ಬನಶಂಕರಿ ಮೂರನೆಯ ಹಂತದಲ್ಲಿ, ಇಟ್ಟಮಡುವಿನಲ್ಲಿ, ಕತ್ರಿಗುಪ್ಪೆಯಲ್ಲಿ ಹಳೆ ಮನೆ ಕೆಡವಿ ನಾಲ್ಕಂತಸ್ತು ಏಳಿಸುವ ಕಡೆಯಲ್ಲೆಲ್ಲ ತಗಡಿನ ಶೆಡ್ಡಿನಲ್ಲಿ ಒಂದು ಸಂಸಾರ ಇರುತ್ತದೆ. ಊರು ಕೇಳಿದರೆ ಪಾವಗಡ, ಮಧುಗಿರಿ, ರಾಯಚೂರು, ಯಾದಗಿರಿ. ಗುಳೆ ಬಂದವರ ಊರುಗಳ ಪಟ್ಟಿಯನ್ನೂ ಬರಪೀಡಿತ ತಾಲ್ಲೂಕುಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಲೇಖನವೇ ಬೇಡ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು.

ಅದರ ಮುಂದಿನ ಬೇಸಿಗೆಯಲ್ಲಿ ಬರ ಬೆಂಗಳೂರಿನ ಬಾಗಿಲಿಗೇ ಬಂತು. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂ. ದಂಡ ಎಂದರು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಕಟ್ಟಬೇಕಾಯಿತು. ಬಯಲುಸೀಮೆಗೆ ಹಳೆಯದಾದದ್ದು ನಮಗೆ ಹೊಸದು ಅನ್ನಿಸಿತು, ಏಕೆಂದರೆ ನಾವೂ ಆ ಬಯಲಿನ ಮೇಲೇ ಇದ್ದೇವೆ ಎಂಬುದನ್ನು ಕಾವೇರಿ ಮರೆಸಿತ್ತು. ದೊಡ್ಡ ಹೊಳೆ ಇಲ್ಲದ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆ ಇದು. ಕೆಂಪೇಗೌಡರ ಕಾಲದಿಂದ ಕೆರೆಗಳೇ ಆಧಾರ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಸಾಕ್ಷಿ ಹೇಳುವಂತೆ, ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳೆಲ್ಲ ಮಳೆ ನೆಚ್ಚಿ ಕಡಲೆಕಾಯಿ ಬೆಳೆಯುತ್ತಿದ್ದ ಊರುಗಳು. ಅಲ್ಲೇ ದೊಡ್ಡಬಸವನ ಪಾದದಲ್ಲಿ ಹುಟ್ಟುತ್ತದೆಂದು ನಂಬಿದ ವೃಷಭಾವತಿ ಇವತ್ತು ಕೊಳಚೆ ಹೊತ್ತು ಹರಿಯುತ್ತಿದೆ. ಕೆರೆಗಳು ಸಾಲದೆ 1890ರ ದಶಕದಲ್ಲಿ ಹೆಸರಘಟ್ಟ, ಅದೂ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ಸುಮಾರು 100 ಕಿ.ಮೀ. ದೂರದಿಂದ, ಮೂರು ಹಂತದಲ್ಲಿ ಪಂಪ್ ಮಾಡಿ, 500 ಮೀಟರಿನಷ್ಟು ಮೇಲಕ್ಕೆ ಎತ್ತಿ ತಂದ ನೀರು ನಮ್ಮ ನಲ್ಲಿಯಲ್ಲಿ ಬರುತ್ತಿದೆ. 2024ರ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಸೇರಿತು. ಕಾವೇರಿಗೆ ನೀರು ಬರುವುದೂ ಮಳೆಯಿಂದಲೇ. ಕೊಡಗಿನಲ್ಲಿ ಮುಂಗಾರು ತಪ್ಪಿದ ವರ್ಷ ಐದು ಹಂತದ ಪೈಪುಗಳೂ ಹೊಳೆಯಲ್ಲಿ ಇದ್ದದ್ದನ್ನೇ ತರಬೇಕು.

ಇನ್ನು ಮುಂದಿನ ಮಳೆ ಹೇಗೆ? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಶೇ. 7ರಷ್ಟು ಹೆಚ್ಚುತ್ತದೆ. ಬಂದರೆ ಒಟ್ಟಿಗೆ ಸುರಿಯುವ, ನಡುವೆ ಉದ್ದ ಬಿಡುವು ಕೊಡುವ ಮಳೆ ಹೆಚ್ಚಾಗುತ್ತದೆ ಎಂಬುದು ವಿಜ್ಞಾನಿಗಳ ಒಮ್ಮತದ ಮಾತು. 2022ರಲ್ಲಿ 1,900 ಮಿ.ಮೀ. ದಾಟಿ ದಾಖಲೆ ಬರೆದ ಬೆಂಗಳೂರು, ಮರುವರ್ಷದ ಮುಂಗಾರು ಕೈಕೊಟ್ಟದ್ದಕ್ಕೆ ಒಂದೇ ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಂತದ್ದು ಇದಕ್ಕೆ ನಮ್ಮ ಕಣ್ಣ ಮುಂದಿನ ನಿದರ್ಶನ. ಅಷ್ಟು ಮಳೆ ಬಿದ್ದರೂ ನಾವು ಅದನ್ನು ಇಟ್ಟುಕೊಂಡಿರಲಿಲ್ಲ. ಇಂಥ ಮಳೆಗೆ ಬೇಕಾದದ್ದು ಹಿಡಿದಿಡುವ ಜಾಗ. ಬಯಲುಸೀಮೆಯವರಿಗೆ ಅದು ಸಾವಿರದ ಆರುನೂರು ವರ್ಷಗಳಿಂದ ಗೊತ್ತು.

ಕೆರೆಗಳ ಹೂಳು ತೆಗೆಸುವುದು, ಕಾವಲುಗಳನ್ನು ಉಳಿಸುವುದು, ರಾಗಿ ಮತ್ತು ಸಿರಿಧಾನ್ಯಕ್ಕೆ ಸಿಗುವ ಬೆಂಬಲ ಬೆಲೆಯನ್ನು ಖರೀದಿಯಲ್ಲೂ ತೋರಿಸುವುದು ಸರ್ಕಾರದ ಕೆಲಸ, ಅದನ್ನು ಕೇಳುವುದು ನಮ್ಮ ಕೆಲಸ. ಆದರೆ ಕತ್ರಿಗುಪ್ಪೆಯ ಮನೆಯವರು ಯಾರನ್ನೂ ಕಾಯದೆ ಮಾಡಬಹುದಾದದ್ದು ಒಂದಿದೆ. 30-40ರ ನಿವೇಶನದಲ್ಲಿ ನೂರು ಚದರ ಮೀಟರ್ ತಾರಸಿ ಇದ್ದರೆ ವರ್ಷಕ್ಕೆ ಅದರ ಮೇಲೆ ಬೀಳುವ ಮಳೆ 95,000 ಲೀಟರಿಗೂ ಮೇಲೆ. ಮೊದಲ ಮಳೆಯ ಕೊಳೆನೀರು, ಸೋರಿಕೆ ಎಲ್ಲ ಕಳೆದು 75,000 ಲೀಟರ್ ಹಿಡಿದರೂ ಅದು 6,000 ಲೀಟರಿನ ಹನ್ನೆರಡು ಟ್ಯಾಂಕರ್, ನಾಲ್ವರ ಕುಟುಂಬದ ನಾಲ್ಕು ತಿಂಗಳಿಗೂ ಮೀರಿದ ನೀರು. ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡುವ ಕಾನೂನು 2009ರಲ್ಲೇ ಬಂದಿದೆ. ಹೇಗೆ ಮಾಡಬೇಕೆಂದು ತೋರಿಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ಪಕ್ಕದ ಜಯನಗರದಲ್ಲೇ ಇದೆ, ಒಂದು ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ ಬನ್ನಿ. ತಾರಸಿಯ ಪೈಪು ಬರೀ ತೋರಿಕೆಗೆ ಇದ್ದು ನೀರು ಬೀದಿಗೆ ಹೋಗುತ್ತಿದ್ದರೆ ಅದನ್ನು ಸಂಪ್‌ಗೆ, ಸಂಪ್‌ಗೆ ಜಾಗವಿಲ್ಲದಿದ್ದರೆ ಇಂಗುಬಾವಿಗಾದರೂ ತಿರುಗಿಸಿ. ಯುಗಾದಿ ಕಳೆದರೆ ಅಶ್ವಿನಿ, ಭರಣಿ ಮಳೆಗಳು ಬರುತ್ತವೆ. ಕೆಲಸ ಅಷ್ಟರೊಳಗೆ ಮುಗಿಸಿಕೊಳ್ಳಿ.